ಅಪರಿಚಿತರು ‘ಡಿಯರ್’, ‘ಚಿನ್ನ’ ಎಂದಾಗ

ಪರಿಚಯವಿಲ್ಲದವರು ‘ಡಿಯರ್’, ‘ಚಿನ್ನ’, ‘ಪುಟ್ಟಾ’ ಎಂದು ಕರೆದು ಮುಜುಗರವಾದರೆ, ಆಕ್ಷೇಪಿಸುವ ಮೊದಲು ನಿಮ್ಮ ಹೆಸರು ಹೇಳಿ ಅದೇ ಉಸಿರಿನಲ್ಲಿ ಕೆಲಸದ ಮಾತಿಗೆ ಬನ್ನಿ: ‘ನನ್ನ ಹೆಸರು ಸುಮಾ. ಸಹಿ ಎಲ್ಲಿ ಹಾಕಬೇಕು?’ ಅನೇಕರು ಇಂಥ ಪದ ಬಳಸುವುದು ಹೆಸರು ತಿಳಿಯದ ಜಾಗವನ್ನು ತುಂಬಲು. ಹೆಸರು ಸಿಕ್ಕಿದರೆ ಅದರ ಅಗತ್ಯವಿರುವುದಿಲ್ಲ, ಅವರಿಗೆ ಅವಮಾನವೂ ಆಗುವುದಿಲ್ಲ. ಹೇಳುವಾಗ ಸಂಕೋಚದ ನಗೆ ಬೇಡ, ಅದನ್ನು ಒಪ್ಪಿಗೆ ಎಂದುಕೊಳ್ಳುವವರಿದ್ದಾರೆ. ಮನೆಯ ಹಿರಿಯರು ಆಸ್ಪತ್ರೆಗೋ ಆರೈಕೆ ಕೇಂದ್ರಕ್ಕೋ ಸೇರುವಾಗ, ಅವರನ್ನು ಏನೆಂದು ಕರೆಯಬೇಕು ಎಂಬುದನ್ನು ಅವರನ್ನೇ ಕೇಳಿ ಮೊದಲ ದಿನವೇ ದಾಖಲೆಯಲ್ಲಿ ಬರೆಸಿ. ಇದು ಬರೀ ಮರ್ಯಾದೆಯ ವಿಷಯವಲ್ಲ: ಎಳೆಮಕ್ಕಳೊಂದಿಗೆ ಆಡುವಂತೆ ಮುದ್ದುಗರೆದು ಮಾತನಾಡಿದಾಗ ಮರೆವಿನ ಕಾಯಿಲೆಯ ಹಿರಿಯರು ಆರೈಕೆಯನ್ನು ಪ್ರತಿರೋಧಿಸುವುದು ಹೆಚ್ಚು ಎಂದು ಅಧ್ಯಯನಗಳು ಕಂಡುಕೊಂಡಿವೆ. ಬೇಕೆಂದೇ ಸಲಿಗೆ ತೋರುವವರ ಮುಂದೆ, ಸಭೆಯಲ್ಲಿ ನಿಮ್ಮನ್ನು ಚಿಕ್ಕವರನ್ನಾಗಿಸಲು ಹಾಗೆ ಕರೆಯುವವರ ಮುಂದೆ ಹೆಸರು ಹೇಳುವ ಈ ಉಪಾಯ ನಡೆಯದು. ಅವರಿಗೆ ‘ಹಾಗೆ ಕರೆಯಬೇಡಿ’ ಎಂದು ನೇರವಾಗಿಯೇ ಹೇಳಬೇಕು. ದಾರಿಯಲ್ಲಿ ಹಿಂಬಾಲಿಸುವವರಿಗೆ, ಗುರುತಿಲ್ಲದ ಫೋನ್ ಕರೆಗಳಿಗೆ ಮಾತ್ರ ಹೆಸರನ್ನು ಕೊಡಲೇಬೇಡಿ. ಇನ್ನು ವಯಸ್ಸಾದವರು ಅಕ್ಕರೆಯಿಂದ ‘ಮಗು’ ಎಂದರೆ, ನಾನಂತೂ ಸುಮ್ಮನಿರುತ್ತೇನೆ.