ಹೊಸದಾಗಿ ಸೇರಿದ ದ್ವಿತೀಯ, ಪ್ರಥಮ ದರ್ಜೆ ಸಹಾಯಕರಿಗೆ, ಅಂದರೆ ಎಸ್‌ಡಿಎ, ಎಫ್‌ಡಿಎಗಳಿಗೆ: ಮೊದಲ ತಿಂಗಳಲ್ಲಿ ಮಾಡಿ ಮುಗಿಸಬೇಕಾದ ಕೆಲಸಗಳು

ನೇಮಕಾತಿ ಆದೇಶದಲ್ಲಿ ವೇತನ ಶ್ರೇಣಿ ಮೇಲೆಯೇ ಕಾಣುತ್ತದೆ, ಷರತ್ತುಗಳು ಕೆಳಗೆ ಸಣ್ಣಗೆ ಇರುತ್ತವೆ. ಹಾಜರಾಗುವ ಗಡುವು, ತರಬೇಕಾದ ಮೂಲ ದಾಖಲೆಗಳು, ಖಾಯಂಪೂರ್ವ ಸೇವಾವಧಿ (ಪ್ರೊಬೇಷನ್), ಪಾಸಾಗಬೇಕಾದ ಪರೀಕ್ಷೆ ಎಲ್ಲ ಅಲ್ಲೇ ಇವೆ. ಎರಡು ಸಲ ಓದಿ, ಒಂದು ಜೆರಾಕ್ಸ್ ಮನೆಯಲ್ಲಿಡಿ.

ಕರ್ತವ್ಯಕ್ಕೆ ಹಾಜರಾದ ವರದಿಯನ್ನು ಎರಡು ಪ್ರತಿ ಬರೆಯಿರಿ. ದಿನಾಂಕದ ಪಕ್ಕದಲ್ಲಿ ಪೂರ್ವಾಹ್ನವೋ ಅಪರಾಹ್ನವೋ ಎಂದು ಇರಲೇಬೇಕು. ಅಪರಾಹ್ನ ಎಂದಾದರೆ ಸಂಬಳ ಮರುದಿನದಿಂದ ಲೆಕ್ಕ. ಒಂದು ಪ್ರತಿಗೆ ಟಪಾಲು ಶಾಖೆಯ ಸ್ವೀಕೃತಿ ಮೊಹರು ಹಾಕಿಸಿ ಇಟ್ಟುಕೊಳ್ಳಿ. ಮೊದಲೇ ಬೇರೆ ಸರ್ಕಾರಿ ಇಲಾಖೆಯಲ್ಲಿದ್ದವರು ಬಿಡುಗಡೆ ಆದೇಶ, ಕೊನೆಯ ವೇತನ ಪ್ರಮಾಣಪತ್ರ ಎರಡನ್ನೂ ತರಬೇಕು. ಅನುಮತಿ ಪಡೆದೇ ಹೊಸ ಹುದ್ದೆಗೆ ಹೋಗುತ್ತಿದ್ದಾರೆ ಎಂಬ ಮಾತು ಬಿಡುಗಡೆ ಆದೇಶದಲ್ಲಿ ಇಲ್ಲದಿದ್ದರೆ ಹಿಂದಿನ ಸೇವೆಯನ್ನು ಸೇರಿಸಿಕೊಳ್ಳುವಾಗ ತಕರಾರು ಬರುತ್ತದೆ.

ಸೇವಾ ಪುಸ್ತಕ, ಅಂದರೆ ಎಸ್‌ಆರ್, ತೆರೆಯುವ ದಿನ ಪಕ್ಕದಲ್ಲೇ ಕುಳಿತು ನೋಡಿ. ಹೆಸರಿನ ಇನಿಷಿಯಲ್, ತಂದೆಯ ಹೆಸರು, ಜನ್ಮ ದಿನಾಂಕ ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಬರಬೇಕು. ದಿನಾಂಕ ಅಂಕಿಯಲ್ಲೂ ಅಕ್ಷರದಲ್ಲೂ ಇರಬೇಕು. 1974ರ ವಯಸ್ಸು ನಿರ್ಧಾರ ಕಾಯ್ದೆಯ ಪ್ರಕಾರ ಜನ್ಮ ದಿನಾಂಕದ ತಿದ್ದುಪಡಿ ಕೇಳಲು ಇರುವ ಅವಕಾಶ ಮೂರು ವರ್ಷ ಮಾತ್ರ. ಆಸ್ತಿ ಮತ್ತು ಹೊಣೆಗಾರಿಕೆ ಪಟ್ಟಿಯನ್ನೂ ಸೇರಿದಾಗಲೇ ಕೊಡಬೇಕು, ಹೆಸರಲ್ಲಿ ಏನೂ ಇಲ್ಲದಿದ್ದರೆ ‘ಇಲ್ಲ’ ಎಂದು ಬರೆದಾದರೂ.

ಸಂಬಳದ ಬಿಲ್ಲು ಸರ್ಕಾರದ ಆನ್‌ಲೈನ್ ಸಿಬ್ಬಂದಿ-ವೇತನ ವ್ಯವಸ್ಥೆಯಾದ ಎಚ್‌ಆರ್‌ಎಂಎಸ್‌ನಲ್ಲಿ ಆಗುತ್ತದೆ. ಪ್ಯಾನ್, ಬ್ಯಾಂಕ್ ಖಾತೆ, ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯಾದ ಎನ್‌ಪಿಎಸ್‌ನ ಪ್ರಾನ್ (ಕಾಯಂ ನಿವೃತ್ತಿ ಖಾತೆ) ಸಂಖ್ಯೆ, ಸರ್ಕಾರಿ ನೌಕರರ ಕೆಜಿಐಡಿ ವಿಮೆ, ಇವುಗಳಲ್ಲಿ ಯಾವುದು ಬಾಕಿಯಾದರೂ ಬಿಲ್ಲು ನಿಲ್ಲಬಹುದು. ಎನ್‌ಪಿಎಸ್‌ಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 10 ನಿಮ್ಮಿಂದ ಹೋದರೆ ಸರ್ಕಾರ ಶೇ. 14 ಹಾಕುತ್ತದೆ. ಮೊದಲ ಸಂಬಳ ಎರಡು ಮೂರು ತಿಂಗಳು ತಡವಾಗುವುದು ಅಪರೂಪವಲ್ಲ. ಮನೆ ಬಾಡಿಗೆ, ಊಟದ ಖರ್ಚಿಗೆ ಅಷ್ಟು ತಿಂಗಳ ದುಡ್ಡು ಇಟ್ಟುಕೊಂಡೇ ಊರು ಬಿಡಿ.

ಇನ್ನು ಎಲ್ಲರೂ ಅವಸರ ಮಾಡಿ ಕೆಡಿಸಿಕೊಳ್ಳುವ ಕೆಲಸ: ಪ್ರಭಾರ (ಚಾರ್ಜ್) ತೆಗೆದುಕೊಳ್ಳುವುದು. ವರ್ಗವಾದವರಿಗೆ ಹೊರಡುವ ಆತುರ, ಹೊಸಬರಿಗೆ ಸಂಕೋಚ. ‘ಎಲ್ಲ ಇದೆ, ಸೈನ್ ಮಾಡಿ’ ಎನ್ನುತ್ತಾರೆ. ಸಹಿ ಬಿದ್ದ ಮೇಲೆ ಕಾಣೆಯಾದ ಕಡತ ನಿಮ್ಮ ಕೈಯಲ್ಲಿ ಕಾಣೆಯಾದಂತೆಯೇ ಲೆಕ್ಕ.

ಪ್ರಭಾರ ಪಟ್ಟಿಯನ್ನು ಮೂರು ಪ್ರತಿ ಮಾಡಿಸಿ: ಕೊಡುವವರಿಗೊಂದು, ನಿಮಗೊಂದು, ಕಚೇರಿಗೊಂದು. ಪ್ರತಿ ಸಾಲಿನಲ್ಲಿ ಕಡತ ಸಂಖ್ಯೆ, ವಿಷಯ, ಟಿಪ್ಪಣಿ ಎಷ್ಟು ಪುಟ, ಪತ್ರ ವ್ಯವಹಾರ ಎಷ್ಟು ಪುಟ, ಈಗ ಯಾರ ಬಳಿ ಯಾವ ಹಂತದಲ್ಲಿದೆ ಎಂದಿರಲಿ. ಕೋರ್ಟ್ ಕೇಸು, ಆಡಿಟ್ ಕಂಡಿಕೆ (ಲೆಕ್ಕ ತಪಾಸಣೆಯ ಆಕ್ಷೇಪ), ಮಾಹಿತಿ ಹಕ್ಕು ಅರ್ಜಿ, ಸಕಾಲ ಅರ್ಜಿ ಇವಕ್ಕೆ ಬೇರೆ ಬೇರೆ ಪಟ್ಟಿ ಬೇಕು, ಏಕೆಂದರೆ ಇವುಗಳ ಗಡುವು ನೀವು ಕೆಲಸ ಕಲಿಯುವವರೆಗೆ ಕಾಯುವುದಿಲ್ಲ. ಮಾಹಿತಿ ಹಕ್ಕಿನಲ್ಲಿ 30 ದಿನ ದಾಟಿದರೆ ಮಾಹಿತಿ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಬೀಳಬಹುದು. ದಂಡ ಸಾಹೇಬರ ಮೇಲೆ ಬಿದ್ದರೂ ನೋಟಿಸು ತಿರುಗಿ ಬರುವುದು ವಿಷಯ ನಿರ್ವಾಹಕರ, ಅಂದರೆ ನಿಮ್ಮ, ಮೇಜಿಗೇ.

ನಗದು ಸ್ವೀಕರಿಸುವ ಸಂಕಲನ (ನಿಮಗೆ ವಹಿಸಿದ ವಿಷಯಗಳ ಗುಂಪು) ಆದರೆ ರಸೀದಿ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಎಣಿಸಿ, ಕೊನೆಯ ರಸೀದಿಯ ಸಂಖ್ಯೆ ಬರೆದುಕೊಂಡು, ನಗದು ಪುಸ್ತಕದ ಶಿಲ್ಕಿಗೂ (ಉಳಿಕೆಗೂ) ಪೆಟ್ಟಿಗೆಯ ಹಣಕ್ಕೂ ತಾಳೆ ನೋಡಿ. ಮೊಹರು, ಬೀರುವಿನ ಕೀಲಿಕೈಗಳನ್ನೂ ಪಟ್ಟಿಗೆ ಸೇರಿಸಿ. ಸಿಗದ ವಸ್ತುವಿನ ಮುಂದೆ ‘ಹಾಜರುಪಡಿಸಿಲ್ಲ’ ಎಂದು ಬರೆಸಿಯೇ ಸಹಿ ಮಾಡಿ, ಜಗಳವಾಡುವ ಅಗತ್ಯವಿಲ್ಲ. ಹಿಂದಿನವರು ಆಗಲೇ ಹೊರಟುಹೋಗಿದ್ದರೆ ಮೇಲಿನ ಅಧಿಕಾರಿಗೆ ಟಿಪ್ಪಣಿ ಮಂಡಿಸಿ, ಅವರು ಹೇಳಿದವರ ಸಮಕ್ಷಮದಲ್ಲಿ ಬೀರು ತೆರೆಸಿ ಪಟ್ಟಿ ಮಾಡಿ.

ಕಡತಗಳ ಇ-ಆಫೀಸ್, ಬಿಲ್ಲು ಪಾವತಿಯ ಖಜಾನೆ-2 ತಂತ್ರಾಂಶಗಳ ಲಾಗಿನ್ ಅನ್ನು ಹಿಂದಿನವರ ಹೆಸರಿನಲ್ಲಿ ಒಂದು ದಿನವೂ ಬಳಸಬೇಡಿ. ನಿಮ್ಮ ಪಾಸ್‌ವರ್ಡ್, ಡಿಜಿಟಲ್ ಸಹಿಯ ಕೀ ಇನ್ನೊಬ್ಬರ ಕೈಗೆ ಹೋಗಬಾರದು, ಅವರು ಎಷ್ಟೇ ಹಿರಿಯರಾಗಿರಲಿ. ‘ಸರ್, ನಾನೇ ಬಂದು ಮಾಡಿಕೊಡ್ತೀನಿ’ ಎಂದರೆ ಸಾಕು.

ಟಿಪ್ಪಣಿ ಬರೆಯುವುದನ್ನು ಕಲಿಯಲು ಒಳ್ಳೆಯ ದಾರಿ, ನಿಮ್ಮದೇ ಸಂಕಲನದಲ್ಲಿ ತೀರ್ಮಾನವಾಗಿ ಮುಗಿದ ನಾಲ್ಕೈದು ಕಡತಗಳನ್ನು ಮೊದಲ ಪುಟದಿಂದ ಓದುವುದು. ನೀವು ಬರೆಯುವಾಗ ಪ್ರತಿ ಕಂಡಿಕೆಗೆ (ಪ್ಯಾರಾಕ್ಕೆ) ಸಂಖ್ಯೆ ಕೊಡಿ. ಪತ್ರ ಏನು ಕೇಳುತ್ತದೆ, ಹಿಂದೆ ಏನಾಗಿದೆ, ಯಾವ ನಿಯಮ ಅಥವಾ ಆದೇಶ ಅನ್ವಯಿಸುತ್ತದೆ, ಏನು ಮಾಡಬಹುದು ಎಂಬ ಕ್ರಮ ಇರಲಿ. ನಿಯಮ ಹೇಳುವಾಗ ಪ್ರತಿಯನ್ನು ಕಡತದಲ್ಲಿಟ್ಟು ಪುಟ ಸಂಖ್ಯೆ ತೋರಿಸಿ. ಪ್ರಸ್ತಾವನೆಯೇ ಇಲ್ಲದೆ ‘ಸೂಕ್ತ ಆದೇಶಕ್ಕಾಗಿ ಮಂಡಿಸಿದೆ’ ಎಂದರೆ ಕಡತ ‘ಚರ್ಚಿಸಿ’ ಎಂಬ ಷರಾ ಹೊತ್ತು ವಾಪಸ್ ಬರುತ್ತದೆ. ಅಧಿಕಾರಿ ಬಾಯಲ್ಲಿ ಹೇಳಿದ್ದನ್ನು ‘ಚರ್ಚಿಸಿದಂತೆ’ ಎಂದು ಬರೆದು ಅವರ ಸಹಿಗೆ ಇಡಿ. ಬರೆದ ಟಿಪ್ಪಣಿ ಹಾಳೆ ಹರಿಯುವುದು, ಬಿಳಿ ಬಣ್ಣ ಬಳಿಯುವುದು ಬೇಡ. ತಪ್ಪಾದ ಪದಕ್ಕೆ ಒಂದು ಗೆರೆ ಎಳೆದು ಚಿಕ್ಕ ಸಹಿ ಹಾಕಿದರೆ ಸಾಕು.

ಹಳಬರ ಜೊತೆ ಹೇಗಿರಬೇಕು ಎಂಬುದಕ್ಕೆ ಹೆಚ್ಚು ಹೇಳಬೇಕಿಲ್ಲ. ಒಂದು ಮಾತು: ಯಾವ ಹಳೆಯ ಕಡತ ಯಾವ ಕಪಾಟಿನಲ್ಲಿದೆ ಎಂದು ಗೊತ್ತಿರುವವರು ಬಹಳ ಕಚೇರಿಗಳಲ್ಲಿ ಗ್ರೂಪ್ ಡಿ ನೌಕರರೇ.

ಖಾಯಂಪೂರ್ವ ಸೇವಾವಧಿ ಸಾಮಾನ್ಯವಾಗಿ ಎರಡು ವರ್ಷ. ಎರಡು ವರ್ಷ ಕಳೆದ ಮಾತ್ರಕ್ಕೆ ಅದು ತಾನಾಗಿ ಮುಗಿಯುವುದಿಲ್ಲ, ಘೋಷಣೆಯ ಆದೇಶ ಆಗಬೇಕು. ಅದಕ್ಕೆ 2012ರ ನಿಯಮದಂತೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯೂ, ನಿಮ್ಮ ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮ ಹೇಳುವ ಅಕೌಂಟ್ಸ್, ಜನರಲ್ ಲಾ ಮುಂತಾದ ಇಲಾಖಾ ಪರೀಕ್ಷೆಗಳೂ ಬೇಕಾಗಬಹುದು. ಯಾವುವು ಎಂದು ಮೊದಲ ತಿಂಗಳಲ್ಲೇ ಸಿಬ್ಬಂದಿ ಶಾಖೆಯಲ್ಲಿ ಕೇಳಿ ತಿಳಿದು, ಮೊದಲ ಅಧಿಸೂಚನೆಗೇ ಅರ್ಜಿ ಹಾಕಿ. ಪಾಸಾದ ಮೇಲೆ ಫಲಿತಾಂಶದ ಪ್ರತಿ ಲಗತ್ತಿಸಿ ಮನವಿ ಕೊಟ್ಟು, ಎಸ್‌ಆರ್‌ನಲ್ಲಿ ನಮೂದಾಯಿತೇ ಎಂದು ಕಣ್ಣಾರೆ ನೋಡಿ.