ಅಗ್ಗದ ಎಸ್‌ಎಸ್‌ಡಿ ತಂದಿದ್ದೀರಾ? ವಾಪಸ್ ಕೊಡುವ ಗಡುವಿನೊಳಗೆ ಹೀಗೆ ಪರೀಕ್ಷಿಸಿ

ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವ ‘ಸೆಕೆಂಡಿಗೆ 550 ಎಂಬಿ’ ನೋಡಿ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಹಾಕುವ, ಚಿಪ್‌ನಲ್ಲಿ ಡೇಟಾ ಇಡುವ ಡಿಸ್ಕ್) ಕೊಳ್ಳಬೇಡಿ. ಅಗ್ಗದ್ದಿರಲಿ ದುಬಾರಿಯದ್ದಿರಲಿ, ಸಾಟಾ (ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುವ ಹಳೇ ಬಗೆ) ಎಸ್‌ಎಸ್‌ಡಿ ಎಲ್ಲದರ ಮೇಲೂ ಹೆಚ್ಚುಕಮ್ಮಿ ಅದೇ ಅಂಕಿ ಇರುತ್ತದೆ, ಸಾಟಾದ ಮಿತಿಯೇ ಅಷ್ಟು.

ನಿಜವಾದ ವ್ಯತ್ಯಾಸ ಗೊತ್ತಾಗುವುದು ದೊಡ್ಡ ಫೈಲ್ ಕಾಪಿ ಮಾಡುವಾಗ. ನಾನು ಮೊದಲು ತಂದಿದ್ದ ಅಗ್ಗದ ಡಿಸ್ಕಿಗೆ ಮದುವೆ ವಿಡಿಯೋಗಳನ್ನು ಹಾಕುತ್ತಿದ್ದೆ, ಮೊದಲ ಕೆಲವು ನಿಮಿಷ ಸೆಕೆಂಡಿಗೆ 400 ಎಂಬಿಯ ಮೇಲೆ ಓಡುತ್ತಿದ್ದದ್ದು ಇದ್ದಕ್ಕಿದ್ದಂತೆ 40ಕ್ಕೆ ಇಳಿದು ಅಲ್ಲೇ ಕೂತುಬಿಟ್ಟಿತು, ಹಳೇ ಹಾರ್ಡ್ ಡಿಸ್ಕೇ ವಾಸಿ ಅನ್ನಿಸುವಷ್ಟು. ಕಾರಣ ಇಷ್ಟೇ: ಎಸ್‌ಎಸ್‌ಡಿ ತನ್ನ ಜಾಗದ ಒಂದು ಭಾಗವನ್ನು ವೇಗದ ಕ್ಯಾಶ್ (ಬರೆಯುವುದನ್ನು ಮೊದಲು ಇಡುವ ತಾತ್ಕಾಲಿಕ ಜಾಗ) ಆಗಿ ಬಳಸುತ್ತದೆ. ಅದು ತುಂಬಿದ ಮೇಲೆ ಒಳಗಿನ ಚಿಪ್‌ನ ನಿಜವಾದ ವೇಗ ಹೊರಗೆ ಬರುತ್ತದೆ. ಟಿಎಲ್‌ಸಿ ಚಿಪ್ ಒಂದು ಸೆಲ್‌ನಲ್ಲಿ (ಡೇಟಾ ಇಡುವ ಪುಟ್ಟ ಕೋಶ) 3 ಬಿಟ್ ಇಡುತ್ತದೆ, ಕ್ಯೂಎಲ್‌ಸಿ 4 ಬಿಟ್. ಹೆಚ್ಚು ತುರುಕಿದಷ್ಟೂ ಬರೆಯುವುದು ನಿಧಾನ, ಬಾಳಿಕೆಯೂ ಕಮ್ಮಿ.

ಟಿಎಲ್‌ಸಿ ಅಂತ ಕಂಪನಿಯೇ ಬರೆದಿದ್ದರೆ ಒಳ್ಳೆಯದು. ಏನೂ ಬರೆದಿಲ್ಲವಾ? ಕ್ಯೂಎಲ್‌ಸಿ ಅಂತಲೇ ಅಂದುಕೊಂಡು ಬೆಲೆ ಲೆಕ್ಕ ಹಾಕಿ. ಹಳೇ ರಿವ್ಯೂಗಳನ್ನೂ ಪೂರ್ತಿ ನಂಬಬೇಡಿ, ಅದೇ ಹೆಸರಿನ ಮಾಡೆಲ್‌ನಲ್ಲಿ ಒಳಗಿನ ಚಿಪ್ ಬದಲಾಗಿರುವುದು ಉಂಟು. ಅದಕ್ಕೇ ನಮ್ಮ ಕೈಗೆ ಬಂದ ಡಿಸ್ಕನ್ನು ನಾವೇ ಪರೀಕ್ಷೆ ಮಾಡಬೇಕು ಅನ್ನೋದು.

ಕೊಳ್ಳುವ ಮೊದಲು ಸ್ಲಾಟ್ ನೋಡಿಕೊಳ್ಳಿ. ಎಂ.2 ಸ್ಲಾಟ್‌ಗಳಲ್ಲಿ (ಪಟ್ಟಿಯಂಥ ಚಿಕ್ಕ ಎಸ್‌ಎಸ್‌ಡಿ ಕೂರಿಸುವ ಜಾಗ) ಕೆಲವು ಸಾಟಾ ಮಾತ್ರ ತೆಗೆದುಕೊಳ್ಳುತ್ತವೆ, ಕೆಲವು ಎನ್‌ವಿಎಂಇ (ಸಾಟಾಗಿಂತ ವೇಗದ ಬಗೆ) ಮಾತ್ರ, ನೋಡೋಕೆ ಒಂದೇ ಥರ. ಲ್ಯಾಪ್‌ಟಾಪ್ ಮಾಡೆಲ್‌ನ ಕೈಪಿಡಿಯಲ್ಲಿ ಬರೆದಿರುತ್ತದೆ. ಬೆಂಗಳೂರಿನ ಎಸ್‌.ಪಿ. ರೋಡಿನಂಥ ಕಡೆ ಅಂಗಡಿಯಲ್ಲೇ ತರುವುದಾದರೆ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ವಾರಂಟಿಗೆ ಅದು ಬೇಕಾಗುತ್ತದೆ.

ಮನೆಗೆ ತಂದ ಕೂಡಲೇ ವಿಂಡೋಸ್ ಹಾಕಬೇಡಿ. ಮೊದಲು ಯುಎಸ್‌ಬಿ ಅಡಾಪ್ಟರ್‌ನಲ್ಲಿ ಬೇರೆ ಕಂಪ್ಯೂಟರಿಗೆ ಜೋಡಿಸಿ, ಯುಎಸ್‌ಬಿ 3 ಪೋರ್ಟಿಗೇ ಹಾಕಿ, 2ಕ್ಕೆ ಹಾಕಿದರೆ 40ರ ಆಸುಪಾಸಿಗೇ ನಿಂತುಬಿಡುತ್ತದೆ, ಸುಮ್ನೆ ಡಿಸ್ಕಿನ ಮೇಲೆ ಅನುಮಾನ ಬರುತ್ತದೆ. ಹೊಸ ಡಿಸ್ಕ್ ಕಾಣದಿದ್ದರೆ ಗಾಬರಿ ಬೇಡ, ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಇನಿಶಿಯಲೈಸ್ ಮಾಡಿ ಫಾರ್ಮ್ಯಾಟ್ ಮಾಡಿ. 480 ಜಿಬಿ ಡಿಸ್ಕ್ ವಿಂಡೋಸ್‌ನಲ್ಲಿ 447 ಅಂತ ತೋರಿಸುತ್ತದೆ. ಅದು ಮೋಸ ಅಲ್ಲ, ಎಣಿಸುವ ರೀತಿ ಬೇರೆ.

ಈಗ ಡಿಸ್ಕಿನ ಸ್ಥಿತಿ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಪ್ರೋಗ್ರಾಂ ತೆರೆಯಿರಿ. ಎಷ್ಟು ಗಂಟೆ ಓಡಿದೆ, ಎಷ್ಟು ಬರೆದಿದೆ ಅಂತ ಸಾಮಾನ್ಯವಾಗಿ ತೋರಿಸುತ್ತದೆ. ಹೊಸದು ಅಂತ ಕೊಟ್ಟಿದ್ದರಲ್ಲಿ ನೂರಾರು ಗಂಟೆ ಇದ್ದರೆ ಅಲ್ಲಿಗೇ ನಿಲ್ಲಿಸಿ, ವಾಪಸ್ ಕೊಡಿ.

ಆಮೇಲೆ ಎಚ್‌2ಟೆಸ್ಟ್‌ಡಬ್ಲ್ಯು ಅನ್ನೋ ಪರೀಕ್ಷಾ ಪ್ರೋಗ್ರಾಂ ಹಾಕಿ ಇಡೀ ಡಿಸ್ಕ್ ತುಂಬಿಸಿ. ಇದು ಖಾಲಿ ಜಾಗವನ್ನೆಲ್ಲ ತುಂಬಿ, ಬರೆದದ್ದನ್ನೇ ಮತ್ತೆ ಓದಿ ತಾಳೆ ನೋಡುತ್ತದೆ. ನಂಬಲಾಗದ ಬೆಲೆಗೆ ಸಿಗುವ ‘2 ಟಿಬಿ’ ನಕಲಿ ಡಿಸ್ಕುಗಳೆಲ್ಲ ಇಲ್ಲೇ ಸಿಕ್ಕಿಬೀಳುತ್ತವೆ. ಬರೆಯುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದು ವೇಗ ಎಲ್ಲಿ ಕುಸಿಯಿತು, ಎಷ್ಟಕ್ಕೆ ಇಳಿಯಿತು ಬರೆದಿಟ್ಟುಕೊಳ್ಳಿ. ಒಂದು ಸಲ ತುಂಬಿಸಿದರೆ ಡಿಸ್ಕ್ ಸವೆಯುತ್ತದೆ ಅನ್ನೋ ಭಯ ಬೇಡ. 480 ಜಿಬಿ ಡಿಸ್ಕಿಗೆ ಕಂಪನಿ 120 ಟಿಬಿಡಬ್ಲ್ಯು (ಒಟ್ಟು ಎಷ್ಟು ಟಿಬಿ ಬರೆಯಬಹುದು ಅನ್ನೋ ಲೆಕ್ಕ) ಅಂತ ಹೇಳಿದ್ದರೆ ಅದರಲ್ಲಿ ಇದು ಅರ್ಧ ಟಿಬಿಯೂ ಅಲ್ಲ. ದಿನಕ್ಕೆ 20 ಜಿಬಿ ಬರೆದರೂ ಆ ಲೆಕ್ಕ ಮುಗಿಯಲು 16 ವರ್ಷ ಬೇಕು.

ಓದುವಾಗ ಒಂದೇ ಒಂದು ತಪ್ಪು ಬಂದರೂ ಡಿಸ್ಕ್ ಇಟ್ಟುಕೊಳ್ಳಬೇಡಿ. ತಪ್ಪಿಲ್ಲ, ಆದರೆ ಕಡೆಗೆ 80ಕ್ಕೆ ಇಳಿಯಿತು ಅಂದರೆ ನಿಮ್ಮ ಕೆಲಸ ನೋಡಿ ತೀರ್ಮಾನ ಮಾಡಿ. ಬ್ರೌಸಿಂಗ್, ಟೈಪಿಂಗ್, ಮಕ್ಕಳ ಆನ್‌ಲೈನ್ ಕ್ಲಾಸಿಗೆ ಅದು ಧಾರಾಳ ಸಾಕು, ಅಲ್ಲಿ ಬೇಕಾದದ್ದು ಚಿಕ್ಕ ಚಿಕ್ಕ ಫೈಲ್ ಬೇಗ ಓದುವುದು, ಅದರಲ್ಲಿ ಅಗ್ಗದ ಎಸ್‌ಎಸ್‌ಡಿಯೂ ಹಾರ್ಡ್ ಡಿಸ್ಕಿಗಿಂತ ಎಷ್ಟೋ ಪಟ್ಟು ಮುಂದೆ. ವಿಡಿಯೋ ಎಡಿಟಿಂಗ್ ಮಾಡುವವರು ಮಾತ್ರ ಇದನ್ನು ವಾಪಸ್ ಕೊಟ್ಟು, ಇನ್ನಷ್ಟು ದುಡ್ಡು ಹಾಕಿ ಟಿಎಲ್‌ಸಿ ಇರುವುದನ್ನೇ ತನ್ನಿ.