ತಪ್ಪಿದ್ದು ಎಲ್ಲಿ? ಒಂದೇ ಗದ್ಯದಲ್ಲಿ ಓದು, ಪದ, ವ್ಯಾಕರಣದ ಪುನರಾವರ್ತನೆ

ಎಂಟನೇ ತರಗತಿಯ ಕನ್ನಡ ರಿವಿಜನ್ನನ್ನು ನಾನು ಈಗ ಮೊದಲ ಪಾಠದಿಂದ ಶುರು ಮಾಡುವುದಿಲ್ಲ. ಪಾಠದ ಪ್ರಶ್ನೋತ್ತರ ಮಕ್ಕಳಿಗೆ ಬಾಯಿಪಾಠ ಇರುತ್ತದೆ. ಅದನ್ನೇ ಮತ್ತೆ ಕೇಳಿದರೆ ತಿಳಿಯುವುದು ಅವರ ನೆನಪು, ಓದಲ್ಲ. ಹಾಗಾಗಿ 40 ನಿಮಿಷದ 5 ಪಿರಿಯಡ್‌ಗೆ ಒಂದೇ ಒಂದು ಹೊಸ ಗದ್ಯ ಇಟ್ಟುಕೊಳ್ಳುತ್ತೇನೆ. ಓದು, ಪದ, ವ್ಯಾಕರಣ ಮೂರೂ ಅದರಿಂದಲೇ.

ಗದ್ಯ ನಾನೇ ಬರೆಯುವುದು. 110ರಿಂದ 130 ಪದ, ಪ್ರತಿ ಸಾಲಿಗೂ ಎಡಗಡೆ ಸಂಖ್ಯೆ. ವಿಷಯ ಊರಿನದೇ ಇರಬೇಕು, ಭಾಷೆ ಮಾತ್ರ ಪುಸ್ತಕದ್ದು. ವಿಷಯವೂ ಹೊಸದು, ಭಾಷೆಯೂ ಹೊಸದು ಆದರೆ ಮಗು ಎಡವಿದ್ದು ಯಾವುದಕ್ಕೆ ಅಂತ ಗೊತ್ತಾಗುವುದಿಲ್ಲ. ನಮ್ಮದು ವಿಜಯಪುರ ಜಿಲ್ಲೆಯ ಡೋಣಿ ಸಾಲು, ಅಂದರೆ ಡೋಣಿ ನದಿಯ ಬದಿಯ ಎರೆ (ಕಪ್ಪು ಮಣ್ಣಿನ) ಸೀಮೆ, ಹಾಗಾಗಿ ಜೋಳದ ಬಗ್ಗೆ ಬರೆದ ಗದ್ಯ ಚೆನ್ನಾಗಿ ಕೆಲಸ ಮಾಡಿತು. ಅದರ ಒಂದು ತುಣುಕು:

"ಎರೆ ಭೂಮಿಗೆ ಒಂದು ಗುಣವಿದೆ. ಮಳೆ ನಿಂತ ಮೇಲೂ ಅದು ತೇವವನ್ನು ಬಹುದಿನ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದಲೇ ಇಲ್ಲಿನ ರೈತ ಹಿಂಗಾರಿ ಜೋಳವನ್ನು ಮಳೆಗಾಲದ ಕೊನೆಗೆ ಬಿತ್ತುತ್ತಾನೆ. ಬೆಳೆ ಬೆಳೆಯುವಾಗ ಮಳೆ ಬಾರದಿದ್ದರೂ ಅವನು ಅಷ್ಟಾಗಿ ಕಂಗೆಡುವುದಿಲ್ಲ."

ಊರಿನ ವಿಷಯಕ್ಕೆ ಒಂದು ಅಪಾಯ ಇದೆ. ಹೊಲದ ಮಕ್ಕಳು ಗದ್ಯ ಓದದೆಯೇ ಉತ್ತರ ಬರೆದುಬಿಡುತ್ತಾರೆ, ಅದೂ ಸರಿಯಾಗಿಯೇ! ಅದಕ್ಕೆ ಪ್ರತಿ ಉತ್ತರದ ಮುಂದೆ ಸಾಲಿನ ಸಂಖ್ಯೆ ಬರೆಯಲೇಬೇಕು. "ಯಾವ ಸಾಲು ನೋಡಿ ಬರದಿ?" ಎಂಬುದಕ್ಕೆ ಉತ್ತರ ಇಲ್ಲದಿದ್ದರೆ ಅರ್ಧ ಅಂಕ. ಪ್ರಶ್ನೆಯಲ್ಲಿ ಗದ್ಯದ ಪದವನ್ನೇ ಇಡಬಾರದು. 'ಹಿಂಗಾರಿ ಜೋಳವನ್ನು ಯಾವಾಗ ಬಿತ್ತುತ್ತಾರೆ?' ಅಂತ ಕೇಳಿದರೆ 'ಹಿಂಗಾರಿ' ಇರುವ ಸಾಲು ಹುಡುಕಿ ಇಡೀ ವಾಕ್ಯ ಇಳಿಸುತ್ತಾರೆ. 'ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಪೈರು ಏನನ್ನು ನಂಬಿ ಬದುಕುತ್ತದೆ?' ಅಂದಾಗ ಎರಡು ಸಾಲು ಕೂಡಿಸಿ ಓದಲೇಬೇಕು.

ಮೊದಲ ದಿನ 5 ನಿಮಿಷ ಮೌನ ಓದು, 15 ನಿಮಿಷಕ್ಕೆ 6 ಪ್ರಶ್ನೆ: ನೇರ ಉತ್ತರದ್ದು ಎರಡು, ಊಹಿಸಬೇಕಾದ್ದು ಎರಡು, 'ಅದು ಅಂದರೆ ಯಾವುದು' ಥರದ್ದು ಒಂದು, ಪದದ್ದು ಒಂದು. ಮೂರಕ್ಕಿಂತ ಕಡಿಮೆ ಸರಿ ಇದ್ದವರನ್ನು ಮಾತ್ರ ದಿನಕ್ಕೆ ನಾಲ್ಕೈದು ಮಂದಿಯಂತೆ ಮೇಜಿನ ಹತ್ತಿರ ಕರೆಯುತ್ತೇನೆ, ತಲಾ 2 ನಿಮಿಷ. ಎರಡು ಸಾಲು ಗಟ್ಟಿಯಾಗಿ ಓದಿಸುತ್ತೇನೆ. ಅಕ್ಷರಕ್ಕೇ ತಡವರಿಸಿದರೆ ಹೆಸರಿನ ಮುಂದೆ 'ಓ'. ಸರಾಗ ಓದಿ ಪದದ ಅರ್ಥ ಗೊತ್ತಿಲ್ಲದಿದ್ದರೆ 'ಪ'. ಪದಗಳೆಲ್ಲ ಗೊತ್ತಿದ್ದೂ ವಾಕ್ಯ ಹಿಡಿಯದಿದ್ದರೆ 'ವಾ'. ಬಾಯಲ್ಲಿ ಸರಿ ಹೇಳಿ ಬರವಣಿಗೆಯಲ್ಲಿ ತಪ್ಪಿದರೆ 'ಬ'. ನಾಲ್ವರಿಗೂ ಒಂದೇ ಔಷಧ ಕೊಟ್ಟರೆ ರಿವಿಜನ್ ದಂಡ. 'ಓ' ಬಂದವರಿಗೆ ಸಂಧಿ ಹೇಳಿ ಏನು ಪ್ರಯೋಜನ? ಅವರಿಗೆ ದಿನಾ 10 ನಿಮಿಷ ಜೋಡಿ ಓದು, ಅಷ್ಟೇ.

'ವಾ' ಗುಂಪಿನ ತಪ್ಪು ಎರಡು ಜಾಗದಲ್ಲಿ ಖಾಯಂ. 'ಅದು' ಅಂದರೆ ಮಳೆ ಅಂತ ಬರೆಯುತ್ತಾರೆ, ಹತ್ತಿರದ ನಾಮಪದ ಅದೇ ಆದ್ದರಿಂದ. ಅವರು ಹೇಳಿದ ಪದವನ್ನೇ 'ಅದು' ಇದ್ದಲ್ಲಿ ಇಟ್ಟು ಓದಿಸಬೇಕು: "ಮಳೆ ನಿಂತ ಮೇಲೂ ಮಳೆ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ." ತಾವೇ ನಕ್ಕು ತಿದ್ದಿಕೊಳ್ಳುತ್ತಾರೆ. ಎರಡನೆಯದು 'ಬಾರದಿದ್ದರೂ'. ಕೊನೆಯ 'ರೂ' ಅನ್ನು 'ರೆ' ಅಂತ ಓದಿಬಿಟ್ಟರೆ ಅರ್ಥ ಹಳಿ ತಪ್ಪುತ್ತದೆ. ಬೋರ್ಡಿನ ಮೇಲೆ ಬಂದರೆ, ಬಾರದಿದ್ದರೆ, ಬಾರದಿದ್ದರೂ ಮೂರನ್ನೂ ಬರೆದು ವಾಕ್ಯ ಮುಗಿಸಲು ಹೇಳುತ್ತೇನೆ. 'ಮಳಿ ಬರಲಿಲ್ಲಂದ್ರೂ' ಎಂಬ ಮನೆಯ ಮಾತಿಗೆ ಜೋಡಿಸಿದ ಕೂಡಲೇ ಬೆಳಕು ಬೀಳುತ್ತದೆ; ಅರ್ಥ ಅವರಲ್ಲಿ ಇದ್ದೇ ಇದೆ, ರೂಪ ಮಾತ್ರ ಹೊಸದು.

ಪದಕ್ಕೆ ವಾರಕ್ಕೆ 8 ಸಾಕು. 'ಕಂಗೆಡು' ನೋಡಿ. ಕಣ್ಣು ಕೆಡುವುದು, ಅಂದರೆ ಕಣ್ಣು ಕಾಣದಿರುವುದು ಅಂತ ಕೆಲವರು ಬರೆಯುತ್ತಾರೆ. ಬಿಡಿಸಿದ್ದು ಸರಿ, ಅರ್ಥ ತಪ್ಪು. ಅರ್ಥ ಬರೆಸುವ ಬದಲು ಎರಡು ವಾಕ್ಯ ಕೊಡುತ್ತೇನೆ: 'ಪರೀಕ್ಷೆಯ ದಿನ ಬಸ್ಸು ಬಾರದೆ ಹುಡುಗಿ ಕಂಗೆಟ್ಟಳು', 'ಹಬ್ಬಕ್ಕೆ ಹೊಸ ಅಂಗಿ ಬಂತೆಂದು ಹುಡುಗ ಕಂಗೆಟ್ಟ'. ಯಾವುದು ಹೊಂದುತ್ತದೆ? ಉತ್ತರ ಬೆರಳಲ್ಲಿ, ಎದೆಗೆ ಹತ್ತಿರ ಹಿಡಿದು ತೋರಿಸಬೇಕು. ಕೈ ಮೇಲೆತ್ತಿಸಿದರೆ ಹಿಂದಿನ ಬೆಂಚಿನವರು ಮುಂದಿನವರ ಬೆರಳು ಎಣಿಸಿ ಉತ್ತರ ಹೇಳುತ್ತಾರೆ. ಗುಂಪು ಸ್ಪರ್ಧೆ ಬಿಟ್ಟೆ. ಅಲ್ಲಿ ಮಾತಾಡುವುದು ಗುಂಪಿಗೆ ಇಬ್ಬರೇ.

ಅದೇ ಕಂಗೆಡು, ಮಳೆಗಾಲದಿಂದಲೇ ಆದೇಶ ಸಂಧಿಗೆ ಹೋಗುತ್ತೇನೆ. 'ಕ, ತ, ಪಗಳಿಗೆ ಗ, ದ, ಬ' ಎಂಬ ಸೂತ್ರ ಎಲ್ಲರಿಗೂ ಬರುತ್ತದೆ, ಆದರೂ ಬಿಡಿಸುವಾಗ 'ಮಳೆ + ಗಾಲ' ಅನ್ನುತ್ತಾರೆ. ಬಿಡಿಸಿದ ಎರಡೂ ತುಂಡು ಪರಿಚಯದ ಪದಗಳಾಗಿರಬೇಕು ಎಂಬುದೇ ನನ್ನ ಪರೀಕ್ಷೆ. ಇಲ್ಲಿ 'ಗಾಲ' ಏನು? ಆಮೇಲೆ ಲೆಕ್ಕ: ಅಕ್ಷರ ಹೋದರೆ ಲೋಪ (ಊರು + ಅಲ್ಲಿ = ಊರಲ್ಲಿ), ಹೊಸದು ಬಂದರೆ ಆಗಮ (ಮನೆ + ಅಲ್ಲಿ = ಮನೆಯಲ್ಲಿ), ಒಂದರ ಜಾಗಕ್ಕೆ ಇನ್ನೊಂದು ಕೂತರೆ ಆದೇಶ. 'ಮನ್ಯಾಗ' (ಮನಿ + ಆಗ, ಅಂದರೆ ಮನೆಯಲ್ಲಿ) ಯಣ್ ಸಂಧಿ ಅಲ್ಲೇನ್ರಿ ಸರ್ ಎಂಬ ಪ್ರಶ್ನೆಗೂ ಸಿದ್ಧವಾಗಿರಬೇಕು. 'ಇ' ಹೋಗಿ 'ಯ' ಬಂದದ್ದನ್ನು ಮಗು ಸರಿಯಾಗಿಯೇ ಕಂಡಿದೆ. ಯಣ್ ಸಂಸ್ಕೃತ ಸಂಧಿ, ಪಠ್ಯದಲ್ಲಿ ಅದನ್ನು ಸಂಸ್ಕೃತ ಪದಗಳಿಗೆ ಹೇಳುತ್ತೇವೆ ಎಂದಷ್ಟೇ ತಿದ್ದಿದರೆ ಸಾಕು.

'ಬ' ಗುಂಪಿನದು ಬಹುಪಾಲು ಆಡುಮಾತಿನ ಪ್ರಶ್ನೆ. ಹೊಲದಾಗ, ಸಾಲಿಗಿ, ಬಿತ್ತತಾರ. ಇವಕ್ಕೆ ಕೆಂಪು ಗೆರೆ ಎಳೆಯುವುದಿಲ್ಲ. ಪುಟವನ್ನು ಎರಡು ಭಾಗ ಮಾಡಿ, 'ಮನೆ ಮಾತು', 'ಪುಸ್ತಕದ ಮಾತು' ಅಂತ ಎದುರುಬದುರು ಬರೆಸುತ್ತೇನೆ. ಹೊಲದಾಗ – ಹೊಲದಲ್ಲಿ, ಸಾಲಿಗಿ – ಶಾಲೆಗೆ. ವಿಭಕ್ತಿ ಪ್ರತ್ಯಯದ ಪುನರಾವರ್ತನೆ ಇಲ್ಲಿಯೇ ಆಗಿಹೋಗುತ್ತದೆ. ಎಚ್ಚರ ಬೇಕಾದ್ದು ಕೊನೆಯ ಸ್ವರದಲ್ಲಿ. ಮಳಿ, ಬೆಳಿ, ಎರಿ ಎಂಬುದನ್ನು ಮಳೆ, ಬೆಳೆ, ಎರೆ ಮಾಡಿ ಅಂದರೆ ಮರುದಿನ ನದೆ, ಹಳ್ಳೆ, ರೊಟ್ಟೆ ಬಂದಿರುತ್ತವೆ! ನಮ್ಮ ಮಾತಿನಲ್ಲಿ ಎರಡೂ ಜಾತಿಯ ಪದ 'ಇ'ಯಲ್ಲೇ ಮುಗಿಯುವುದರಿಂದ ಕಿವಿ ಇಲ್ಲಿ ನೆರವಿಗೆ ಬಾರದು, ಸೂತ್ರವೂ ಇಲ್ಲ. ಎ-ಕಾರದ 10, ಇ-ಕಾರದ 10 ಪದ ಗೋಡೆಗೆ ಅಂಟಿಸಿ ಕಣ್ಣಿಗೆ ರೂಢಿ ಮಾಡಿಸಬೇಕು; ಒಂದೆರಡು ವಾರ ಹಿಡಿಯುತ್ತದೆ.

15 ದಿನ ಬಿಟ್ಟು ಮರುಪರೀಕ್ಷೆ. ಅದೇ ಗದ್ಯ ಬೇಡ, ಉತ್ತರ ಪಾಠವಾಗಿರುತ್ತದೆ. ಇಳಕಲ್ ಸೀರೆಯ ಬಗ್ಗೆ ಇನ್ನೊಂದು ಬರೆದೆ: ಮೈಯ ಹಾಸಿಗೂ (ಮಗ್ಗದ ಉದ್ದ ಎಳೆಗಳಿಗೂ) ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸುವುದು, ಅದರ ಮೇಲೆ ಕಸೂತಿ. ಪದ ಬೇರೆ, ವಿಷಯ ಬೇರೆ; ಆದರೆ ಒಳಗೆ ಒಂದು 'ಅದು', ಒಂದು 'ಆದ್ದರಿಂದ', ಒಂದು 'ಇಲ್ಲದಿದ್ದರೂ', ಎರಡು ಆದೇಶ ಸಂಧಿ ಇದ್ದೇ ಇವೆ. ಹೆಸರಿನ ಮುಂದಿನ ಹಳೆಯ ಗುರುತಿನ ಪಕ್ಕ ಹೊಸ ಗುರುತು ಹಾಕುತ್ತೇನೆ. 'ಓ' ಇದ್ದವರು 'ಪ'ಗೆ ಬಂದಿದ್ದರೆ, ಅಂಕ ಏರದಿದ್ದರೂ, ಅವರಿಗೆ ಜೋಡಿ ಓದು ನಿಲ್ಲಿಸಿ ಪದದ ಚೀಟಿ ಕೊಡುತ್ತೇನೆ.